ಕನ್ನಡದ ಮೊದಲ ಲೆಕ್ಕದ ಪುಸ್ತಕ ಬರೆದ ಬಾಚಯ್ಯ ಮತ್ತು ನಮ್ಮ ನಾಲ್ಕನೇ ಕ್ಲಾಸಿನ ಮಕ್ಕಳು

ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ಯಾವುದಾದರೂ ಒಂದು ಪರೀಕ್ಷೆಗೆ ಕೂತವರಿಗೆ ರಾಜಾದಿತ್ಯ ಗೊತ್ತಿರುತ್ತಾನೆ. ಕನ್ನಡದ ಮೊದಲುಗಳ ಪಟ್ಟಿಯಲ್ಲಿ ಅವನಿಗೂ ಒಂದು ಸಾಲು ಮೀಸಲು. ಮೊದಲ ಲಭ್ಯ ಗ್ರಂಥ ಕವಿರಾಜಮಾರ್ಗ, ಮೊದಲ ಗದ್ಯಕೃತಿ ವಡ್ಡಾರಾಧನೆ, ಮೊದಲ ಗಣಿತ ಗ್ರಂಥ ವ್ಯವಹಾರಗಣಿತ, ಬರೆದವನು ರಾಜಾದಿತ್ಯ. ಒಂದು ಅಂಕ ಬಂತು, ಮುಂದಿನ ಪ್ರಶ್ನೆ.

ಆ ಒಂದು ಅಂಕದಾಚೆ ಅವನು ಯಾರು, ಯಾವ ಊರಿನವನು, ಏನು ಬರೆದ, ಯಾಕೆ ಕನ್ನಡದಲ್ಲೇ ಬರೆದ ಅಂತ ಯಾರೂ ಕೇಳುವುದಿಲ್ಲ. ಲೆಕ್ಕವನ್ನು ಜನರ ಭಾಷೆಗೆ ತಂದು, ಉದಾಹರಣೆ ಕೊಟ್ಟು ಬಿಡಿಸಿ ಹೇಳಿದ ಮನುಷ್ಯನನ್ನು ನಾವು ಬಾಯಿಪಾಠ ಮಾಡಿ ಮುಗಿಸಿದ್ದೇವೆ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಗಣಿತಕ್ಕೆ ಆಗಿರುವುದೂ ಹೆಚ್ಚುಕಡಿಮೆ ಇದೇ. ಹಾಗಾಗಿ ಅವನ ಬದುಕನ್ನು ಒಮ್ಮೆ ಸರಿಯಾಗಿ ನೋಡೋಣ.

ಹೂವಿನಬಾಗೆಯ ಹುಡುಗ

ರಬಕವಿ-ಬನಹಟ್ಟಿಯಿಂದ ಪಶ್ಚಿಮಕ್ಕೆ ಹೊರಟು ತೇರದಾಳ, ಹಾರೂಗೇರಿ ದಾಟಿದರೆ ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ರಾಯಬಾಗ ಸಿಗುತ್ತದೆ. ಹಳೆಯ ಶಾಸನಗಳಲ್ಲಿ ಈ ಊರು ಹೂವಿನಬಾಗೆ. ರಾಜಾದಿತ್ಯ ತನ್ನ ಹುಟ್ಟೂರನ್ನು ಕೂಂಡಿ ಮಂಡಲದ ಪೂವಿನಬಾಗೆ ಅಂತ ಹೇಳಿಕೊಂಡಿದ್ದಾನೆ. ವಿದ್ವಾಂಸರು ಗುರುತಿಸುವುದು ಈ ರಾಯಬಾಗವನ್ನೇ. ಇಂದು ಅದು ಬೆಳಗಾವಿ ಜಿಲ್ಲೆ, ತೇರದಾಳ ಬಾಗಲಕೋಟೆ ಜಿಲ್ಲೆ. ಆ ಕಾಲದಲ್ಲಿ ಎರಡೂ ಕೂಂಡಿ ನಾಡಿನೊಳಗೇ ಇದ್ದವು, ಆಳುತ್ತಿದ್ದವರು ಸವದತ್ತಿಯ ರಟ್ಟರು, ಅವರ ಮೇಲೆ ಕಲ್ಯಾಣದ ಚಾಲುಕ್ಯರು.

ತಂದೆ ಶ್ರೀಪತಿ, ತಾಯಿ ವಸಂತೆ. ಮುಂದೆ ಕೈಹಿಡಿದವಳು ಕನಕಮಾಲೆ. ಜೈನ ಮನೆತನ. ರಾಜಾದಿತ್ಯ ಅನ್ನುವುದರ ಜೊತೆಗೆ ಅವನಿಗೆ ರಾಜವರ್ಮ, ಭಾಸ್ಕರ ಅನ್ನುವ ಹೆಸರುಗಳೂ ಇದ್ದವು. ಇನ್ನೂ ಮೂರು ಹೆಸರುಗಳು ಬಾಚ, ಬಾಚಯ್ಯ, ಬಾಚಿರಾಜ. ಗ್ರಂಥದ ಮೇಲೆ ಹಾಕಿಕೊಳ್ಳುವುದಕ್ಕೆ ರಾಜಾದಿತ್ಯ ಚೆಂದ. ಅಂಗಳದಲ್ಲಿ ನಿಂತು ಕೂಗುವುದಕ್ಕೆ ಬಾಚಯ್ಯನೇ ಸರಿ. ಸಂಸ್ಕೃತದ ಗಣಿತವನ್ನು ಕನ್ನಡಕ್ಕೆ ತಂದವನಿಗೆ ಎರಡು ಬಗೆಯ ಹೆಸರೂ ಒಪ್ಪುತ್ತವೆ. ನಾವಿಲ್ಲಿ ಅವನನ್ನು ಬಾಚಯ್ಯ ಅಂತಲೇ ಕರೆಯೋಣ.

ಅವನು ಬೆಳೆದ ಸೀಮೆ ಹೇಗಿತ್ತು ಅನ್ನುವುದಕ್ಕೆ ತೇರದಾಳದ ನೇಮಿನಾಥ ಬಸದಿ ಸಾಕ್ಷಿ. ಮಾಂಡಲಿಕ ಗೊಂಕ ಕಟ್ಟಿಸಿದ ಈ ಬಸದಿಯ ಶಾಸನದಲ್ಲಿ 1123ರ ಉಲ್ಲೇಖವಿದೆ. ಬಸದಿ ಅಂದರೆ ಬರೀ ಪೂಜೆಯಲ್ಲ. ದತ್ತಿ ಬಿಟ್ಟ ಭೂಮಿ, ಅದರ ಅಳತೆ, ಅದರಿಂದ ಬರುವ ಧಾನ್ಯ, ವ್ಯಾಪಾರಿಗಳು ಕೊಡುವ ಪಾಲು, ಎಲ್ಲಕ್ಕೂ ಲೆಕ್ಕ ಬೇಕು. ಆ ಕಾಲದ ದೊಡ್ಡ ವರ್ತಕ ಸಂಘವೆಂದರೆ ಅಯ್ಯಾವೊಳೆ ಐನೂರ್ವರು. ಅವರ ಹೆಸರಿನಲ್ಲಿರುವ ಅಯ್ಯಾವೊಳೆ ಇದೇ ಬಾಗಲಕೋಟೆ ಜಿಲ್ಲೆಯ ಐಹೊಳೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ನಡುವಿನ ಈ ನೆಲದಲ್ಲಿ ಸರಕು ಓಡಾಡುತ್ತಿತ್ತು, ತೂಕ ಮತ್ತು ಅಳತೆ ಊರಿಂದೂರಿಗೆ ಬದಲಾಗುತ್ತಿದ್ದವು, ಬಡ್ಡಿ ಬೆಳೆಯುತ್ತಿತ್ತು. ಲೆಕ್ಕ ಬಲ್ಲವನಿಗೆ ಬೆಲೆ ಇದ್ದ ಸೀಮೆ ಇದು. ಲೆಕ್ಕ ಬಾರದವನು ಮೋಸ ಹೋಗುತ್ತಿದ್ದ ಸೀಮೆಯೂ ಹೌದು.

ಗುರು ಮತ್ತು ಆಸ್ಥಾನ

ಬಾಚಯ್ಯನ ಗುರು ಶುಭಚಂದ್ರ. ಶ್ರವಣಬೆಳಗೊಳದ ಶಾಸನಗಳಲ್ಲಿ ಬರುವ, 1123ರಲ್ಲಿ ತೀರಿಕೊಂಡ ಶುಭಚಂದ್ರ ಸಿದ್ಧಾಂತದೇವನೇ ಈ ಗುರು ಅನ್ನುವುದು ಕವಿಚರಿತೆಕಾರ ಆರ್. ನರಸಿಂಹಾಚಾರ್ಯರ ಎಣಿಕೆ. ಬಾಚಯ್ಯ ತಾನು ವಿಷ್ಣುನೃಪಾಲನ ಸಭೆಯಲ್ಲಿದ್ದೆ ಅಂತ ಹೇಳಿಕೊಳ್ಳುತ್ತಾನೆ. ಆ ಅರಸನನ್ನು ಹೊಯ್ಸಳ ವಿಷ್ಣುವರ್ಧನನೆಂದು ಹಿಡಿದು ನರಸಿಂಹಾಚಾರ್ಯರು ಕವಿಯ ಕಾಲವನ್ನು 1120ರ ಸುಮಾರಿಗೆ ಇಟ್ಟರು. ಅದೇ ಶತಮಾನದ ಕೊನೆಗೆ ಇಡುವವರೂ ಇದ್ದಾರೆ. ಹನ್ನೆರಡನೇ ಶತಮಾನ ಅನ್ನುವುದರಲ್ಲಿ ಮಾತ್ರ ಜಗಳವಿಲ್ಲ.

ಆ ಶತಮಾನ ಎಂಥದ್ದು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇದೇ ಭಾಗದ ಕೂಡಲಸಂಗಮ, ಕಲ್ಯಾಣಗಳಲ್ಲಿ ಶರಣರು ದೇವರ ವಿಚಾರವನ್ನು ಸಂಸ್ಕೃತದ ಕೈಯಿಂದ ಬಿಡಿಸಿಕೊಂಡು ನೇಕಾರ, ಅಂಬಿಗ, ಸಮಗಾರರ ಕನ್ನಡಕ್ಕೆ ತಂದ ಶತಮಾನ. ಬಾಚಯ್ಯ ಶರಣನಲ್ಲ, ಬಂಡಾಯಗಾರನೂ ಅಲ್ಲ, ಅರಮನೆಯ ಪಂಡಿತ. ಆದರೂ ಅವನು ಮಾಡಿದ ಕೆಲಸ ಅದೇ ದಿಕ್ಕಿನದು. ಧರ್ಮದ ಬದಲು ಗಣಿತವನ್ನು ಕನ್ನಡಕ್ಕೆ ತಂದ, ಅಷ್ಟೇ ವ್ಯತ್ಯಾಸ.

ಅವನಿಗಿಂತ ಮುನ್ನೂರು ವರ್ಷ ಹಿಂದೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಇನ್ನೊಬ್ಬ ಜೈನ ಪಂಡಿತ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದಿದ್ದ. ದೊಡ್ಡ ಪುಸ್ತಕ. ಅಡುಗೆ, ಸಂಗೀತ, ವೈದ್ಯ, ವಾಸ್ತು, ವ್ಯಾಪಾರ ಎಲ್ಲದರಲ್ಲೂ ಗಣಿತವಿದೆ ಅಂತ ಶುರುವಿನಲ್ಲೇ ಸಾರಿದ ಪುಸ್ತಕ. ಆದರೆ ಅದು ಸಂಸ್ಕೃತದಲ್ಲಿತ್ತು. ಕನ್ನಡ ದೊರೆಯ ಆಶ್ರಯದಲ್ಲಿ ಹುಟ್ಟಿದ ಈ ಗಣಿತ ತೆಲುಗಿಗೆ ಪಾವುಲೂರಿ ಮಲ್ಲನನ ಕೈಯಲ್ಲಿ ಹೋಯಿತು. ಕನ್ನಡದಲ್ಲಿ ಗಣಿತ ಬರೆಯಲು ಬಾಚಯ್ಯನೇ ಬರಬೇಕಾಯಿತು.

ಸೂತ್ರ, ಟೀಕೆ, ಉದಾಹರಣೆ

ಬಾಚಯ್ಯ ಒಂದು ಪುಸ್ತಕಕ್ಕೆ ನಿಲ್ಲಲಿಲ್ಲ. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಜೈನಗಣಿತಸೂತ್ರಟೀಕೋದಾಹರಣ, ಚಿತ್ರಹಸುಗೆ, ಲೀಲಾವತಿ ಅಂತ ಆರು ಗ್ರಂಥಗಳು ಅವನ ಹೆಸರಿನಲ್ಲಿವೆ. ಹೆಸರುಗಳನ್ನು ಒಮ್ಮೆ ಗಮನಿಸಿ. ಮೊದಲನೆಯದು ಕೊಡುಕೊಳ್ಳುವ ಲೆಕ್ಕ. ಎರಡನೆಯದು ನೆಲದ, ಆಕಾರಗಳ ಲೆಕ್ಕ. ಹಸುಗೆ ಅಂದರೆ ಹಳಗನ್ನಡದಲ್ಲಿ ಪಾಲು, ಹಂಚಿಕೆ. ಟೀಕೋದಾಹರಣ ಅನ್ನುವ ಹೆಸರಂತೂ ಅವನ ಇಡೀ ವಿಧಾನವನ್ನೇ ಹೇಳಿಬಿಡುತ್ತದೆ. ನಿಯಮ ಹೇಳಿ ಸುಮ್ಮನಾಗುವುದಿಲ್ಲ, ಅದನ್ನು ಬಿಡಿಸಿ, ಉದಾಹರಣೆಯನ್ನೂ ಕೊಡುತ್ತಾನೆ.

ಲೀಲಾವತಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು 1150ರ ಭಾಸ್ಕರಾಚಾರ್ಯ. ಅದೇ ಶತಮಾನದಲ್ಲಿ ಭಾಸ್ಕರ ಎಂಬ ಇನ್ನೊಂದು ಹೆಸರಿದ್ದ ಬಾಚಯ್ಯನೂ ಕನ್ನಡದಲ್ಲಿ ಒಂದು ಲೀಲಾವತಿ ಬರೆದ. ಸಂಸ್ಕೃತದ ಲೀಲಾವತಿಯನ್ನು 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಪಾರ್ಸಿಗೆ ತಂದ, ಆಮೇಲೆ ಇಂಗ್ಲಿಷರು ತಮ್ಮ ಭಾಷೆಗೆ ತಂದರು, ಅದು ಜಗತ್ತು ಸುತ್ತಿತು. ಕನ್ನಡದ ಲೀಲಾವತಿ ಪರೀಕ್ಷಾ ಗೈಡಿನ ಸಾಲಾಗಿ ಉಳಿಯಿತು.

ವ್ಯವಹಾರಗಣಿತದಲ್ಲಿ ಪದ್ಯವೂ ಇದೆ, ಗದ್ಯವೂ ಇದೆ. ನೆನಪಿನಲ್ಲಿ ಉಳಿಯಲಿ ಅಂತ ಸೂತ್ರ ಪದ್ಯದಲ್ಲಿ, ಅರ್ಥವಾಗಲಿ ಅಂತ ವಿವರಣೆ ಗದ್ಯದಲ್ಲಿ, ಕೈಗೆ ಹತ್ತಲಿ ಅಂತ ಉದಾಹರಣೆ. ಈ ಮೂರರ ಜೋಡಣೆ ಒಬ್ಬ ಪಾಠ ಹೇಳಿ ಗೊತ್ತಿದ್ದವನ ಜೋಡಣೆ. ಗಣಿತವಿಲಾಸ, ಓಜೆಬೆಡಂಗ, ಪದ್ಯವಿದ್ಯಾಧರ ಅಂತ ಬಿರುದುಗಳೂ ಅವನಿಗಿದ್ದವು. ಒಳಗಿನ ವಿಷಯ ತ್ರೈರಾಶಿಯಿಂದ ಶುರುವಾಗಿ ಪಂಚರಾಶಿ, ಸಪ್ತರಾಶಿ, ನವರಾಶಿಯವರೆಗೆ ಏರುತ್ತದೆ. ಸಹಜ ಮತ್ತು ವ್ಯಸ್ತ ಅಂತ ಎರಡು ದಾರಿ. ಭಯಪಡಬೇಡಿ, ಇದು ನೀವು ಐದನೇ ಕ್ಲಾಸಿನಲ್ಲಿ ಮಾಡಿದ್ದೇ.

ಮೂರು ಗೊತ್ತಿದ್ದರೆ ನಾಲ್ಕನೆಯದು

ಮಹಾಲಿಂಗಪುರದ ಪೇಟೆಯಲ್ಲಿ 3 ಕಿಲೋ ಬೆಲ್ಲಕ್ಕೆ 150 ರೂಪಾಯಿ ಅಂತಿಟ್ಟುಕೊಳ್ಳಿ. 7 ಕಿಲೋಗೆ ಎಷ್ಟು? ಮೂರು ಸಂಖ್ಯೆ ಗೊತ್ತು, ನಾಲ್ಕನೆಯದು ಬೇಕು. ಇದೇ ತ್ರೈರಾಶಿ. ಹಳೆಯ ಸೂತ್ರದ ಪ್ರಕಾರ 150ನ್ನು 7ರಿಂದ ಗುಣಿಸಿ 3ರಿಂದ ಭಾಗಿಸಬೇಕು. 350 ಬಂತು. ಮುಗಿಯಿತು.

ಈಗ ಇದೇ ಪ್ರಶ್ನೆಯನ್ನು ಅಪ್ಪನ ಜೊತೆ ಸಂತೆಗೆ ಹೋಗುವ ಹುಡುಗಿಗೆ ಕೇಳಿ. ಅವಳು ಗುಣಿಸಿ ಭಾಗಿಸುವ ಗೋಜಿಗೆ ಹೋಗದಿರಬಹುದು. ಕಿಲೋಗೆ 50 ಅಂತಾದರೆ ಏಳಕ್ಕೆ 350 ಅನ್ನಬಹುದು. ಇಲ್ಲವೇ 3 ಕಿಲೋದ ಎರಡು ಪಟ್ಟು 6 ಕಿಲೋ, ಅದಕ್ಕೆ 300, ಉಳಿದ ಒಂದು ಕಿಲೋಗೆ 50 ಅಂತ ಕೂಡಿಸಬಹುದು. ಮೂರೂ ದಾರಿ ಸರಿ. ಆದರೆ ಎರಡನೆಯ ಮತ್ತು ಮೂರನೆಯ ದಾರಿಯಲ್ಲಿ ಮಗುವಿಗೆ ತಾನೇನು ಮಾಡುತ್ತಿದ್ದೇನೆ ಅಂತ ಗೊತ್ತಿರುತ್ತದೆ. ಮೊದಲನೆಯ ದಾರಿಯಲ್ಲಿ ಗೊತ್ತಿರಲೇಬೇಕು ಅಂತೇನಿಲ್ಲ.

ವ್ಯಸ್ತ ತ್ರೈರಾಶಿಗೆ ಬಂದಾಗ ಈ ವ್ಯತ್ಯಾಸ ಬಯಲಾಗುತ್ತದೆ. ಬನಹಟ್ಟಿಯಲ್ಲಿ 4 ಮಗ್ಗಗಳು ಒಂದು ಆರ್ಡರನ್ನು 6 ದಿನದಲ್ಲಿ ಮುಗಿಸುತ್ತವೆ. 8 ಮಗ್ಗ ಹಾಕಿದರೆ? ಹಳೆಯ ಸೂತ್ರವನ್ನೇ ಕಣ್ಣುಮುಚ್ಚಿ ಹಾಕಿದರೆ 12 ದಿನ ಅಂತ ಬರುತ್ತದೆ. ಮಗ್ಗ ಹೆಚ್ಚಾದಷ್ಟೂ ಕೆಲಸ ತಡ! ನೇಕಾರರ ಮನೆಯ ಐದು ವರ್ಷದ ಕೂಸೂ ನಗುತ್ತದೆ. ಹೆಚ್ಚಾದರೆ ಹೆಚ್ಚು, ಹೆಚ್ಚಾದರೆ ಕಡಿಮೆ ಎಂಬ ಎರಡು ಬಗೆ ಇರುವುದರಿಂದಲೇ ಹಳಬರು ಸಹಜ, ವ್ಯಸ್ತ ಅಂತ ಬೇರೆ ಬೇರೆ ಹೆಸರಿಟ್ಟರು. ಯಾವ ಸಂದರ್ಭ ಯಾವುದು ಅಂತ ತೀರ್ಮಾನಿಸುವುದು ಮಾತ್ರ ಸೂತ್ರದ ಕೆಲಸವಲ್ಲ, ತಲೆಯ ಕೆಲಸ.

ಪಂಚರಾಶಿಯೂ ಅಷ್ಟೇ. 4 ಪವರ್‌ಲೂಮ್ 6 ದಿನದಲ್ಲಿ 48 ಸೀರೆ ನೇಯ್ದರೆ, 5 ಲೂಮ್ 10 ದಿನದಲ್ಲಿ ಎಷ್ಟು? ಒಂದು ಲೂಮ್ ಒಂದು ದಿನಕ್ಕೆ 2 ಸೀರೆ ಅಂತ ಕಂಡುಕೊಂಡವರಿಗೆ 100 ಅಂತ ಬಾಯಲ್ಲೇ ಬರುತ್ತದೆ. ಐದು ಸಂಖ್ಯೆಗಳನ್ನು ಯಾವ ಸಾಲಿನಲ್ಲಿ ಬರೆಯಬೇಕು ಅಂತ ನೆನಪಿಟ್ಟುಕೊಂಡವರಿಗೆ ಸಾಲು ಮರೆತ ದಿನ ಎಲ್ಲವೂ ಮರೆತುಹೋಗುತ್ತದೆ.

ಸೀರೆ ಒಣಗಿಸುವ ಲೆಕ್ಕ

ಇನ್ನೊಂದು ಪ್ರಶ್ನೆ. ಬಿಸಿಲಿಗೆ ಹಾಕಿದ ಒಂದು ಸೀರೆ ಒಣಗಲು 2 ತಾಸು ಬೇಕು. ಒಟ್ಟಿಗೆ ಹಾಕಿದ 5 ಸೀರೆ ಒಣಗಲು ಎಷ್ಟು ತಾಸು? ಸಾಲಾಗಿ ಲೆಕ್ಕ ಮಾಡಿಸಿಕೊಂಡ ಮಕ್ಕಳಲ್ಲಿ ಬಹಳಷ್ಟು ಮಂದಿ 10 ಅಂತಾರೆ. ಅವರೇನೂ ದಡ್ಡರಲ್ಲ. ಮೂರು ಸಂಖ್ಯೆ ಕಂಡರೆ ಗುಣಿಸಿ ಭಾಗಿಸು ಅಂತ ನಾವೇ ಕಲಿಸಿದ್ದೇವೆ. ಅದೇ ಮಗುವನ್ನು ಮನೆಯ ಅಂಗಳದಲ್ಲಿ ಕೇಳಿದರೆ ಎರಡೇ ತಾಸು ಅನ್ನುತ್ತದೆ, ಇಂಥ ಪ್ರಶ್ನೆ ಯಾಕೆ ಕೇಳುತ್ತೀರಿ ಅಂತ ನಿಮ್ಮ ಮುಖವನ್ನೂ ನೋಡುತ್ತದೆ. ಶಾಲೆಯ ಬಾಗಿಲು ದಾಟುವಾಗ ಮಗು ತನ್ನ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರುವ ಹಾಗೆ ನಾವು ಮಾಡಿಟ್ಟಿದ್ದೇವೆ.

ಇದು ನಮ್ಮಲ್ಲಷ್ಟೇ ಇರುವ ಕಾಯಿಲೆಯಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನ ಪ್ರಸಿದ್ಧ. ತಳ್ಳುಗಾಡಿಯ ಮುಂದೆ ಸರಿಯಾಗಿ ಲೆಕ್ಕ ಹೇಳಿದ ಮಕ್ಕಳೇ, ಅದೇ ಲೆಕ್ಕವನ್ನು ಕಾಗದದ ಮೇಲೆ ಕೊಟ್ಟಾಗ ತಡವರಿಸಿದರು. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೋಲ್ಕತ್ತಾ ಮತ್ತು ದೆಹಲಿಯ ಅಧ್ಯಯನವೂ ಇದನ್ನೇ ತೋರಿಸಿತು. ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳಿಗೆ ಶಾಲೆಯ ಲೆಕ್ಕ ಬಾರದು. ಶಾಲೆಯ ಲೆಕ್ಕ ಬರುವ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಕಷ್ಟ. ಎರಡು ಗಣಿತದ ನಡುವೆ ಸೇತುವೆಯೇ ಇಲ್ಲ.

ಬಾಚಯ್ಯ ತನ್ನ ಪುಸ್ತಕಕ್ಕೆ ವ್ಯವಹಾರಗಣಿತ ಅಂತ ಹೆಸರಿಟ್ಟಿದ್ದ. ಎಂಟು ಶತಮಾನದ ನಂತರ ವ್ಯವಹಾರ ಒಂದು ಕಡೆ, ಗಣಿತ ಒಂದು ಕಡೆ.

ಹೊಲದ ಲೆಕ್ಕ, ಕಬ್ಬಿನ ಲೆಕ್ಕ

ಅವನ ಇನ್ನೊಂದು ಪುಸ್ತಕ ಕ್ಷೇತ್ರಗಣಿತದ ವಿಷಯಕ್ಕೆ ಬನ್ನಿ. ನಮ್ಮಲ್ಲಿ ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಇದನ್ನು ಕೋಷ್ಟಕವಾಗಿ ಬರೆಸಿ ಬಾಯಿಪಾಠ ಮಾಡಿಸಬಹುದು. ಇಲ್ಲವೇ 33 ಅಡಿಯ ಹಗ್ಗ ಕೊಟ್ಟು ನಾಲ್ಕನೇ ಕ್ಲಾಸಿನ ಮಕ್ಕಳನ್ನು ಆಟದ ಮೈದಾನಕ್ಕೆ ಬಿಡಬಹುದು. ಅವರು ನಾಲ್ಕು ಗೂಟ ಹೊಡೆದು ಒಂದು ಗುಂಟೆ ಗುರುತಿಸಲಿ. ಆಮೇಲೆ ಒಂದೇ ಪ್ರಶ್ನೆ: ಉದ್ದ ಅಗಲ ಎರಡನ್ನೂ ದುಪ್ಪಟ್ಟು ಮಾಡಿದರೆ ಎಷ್ಟು ಗುಂಟೆ? ಮೊದಲು ಎಲ್ಲರೂ ಎರಡು ಅಂತ ಕೂಗುತ್ತಾರೆ. ಹಗ್ಗ ಹಿಡಿದು ನಡೆದು ನೋಡಿದಾಗ ನಾಲ್ಕು ಗುಂಟೆ ಕಣ್ಣೆದುರು ಕಾಣುತ್ತದೆ. ಯಾಕೆ ನಾಲ್ಕು ಅಂತ ಅವರೇ ಜಗಳವಾಡಿ ತೀರ್ಮಾನಕ್ಕೆ ಬರುತ್ತಾರೆ. ಆ ಜಗಳವೇ ಗಣಿತದ ಪಾಠ.

ಇದರಲ್ಲಿ ರಾಜಕೀಯ ಎಲ್ಲಿದೆ ಅಂತ ಕೇಳುವವರು ಬೀಳಗಿಗೆ ಹೋಗಿಬರಬೇಕು. ಆಲಮಟ್ಟಿ ಹಿನ್ನೀರಿಗೆ ಊರು, ಹೊಲ ಕಳೆದುಕೊಂಡ ಸೀಮೆ ಅದು. ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರುವ ಮಾತು ವರ್ಷಗಳಿಂದ ನಡೆದಿದೆ. ಮುಳುಗುವ ನೆಲ ಎಷ್ಟು, ಸರ್ವೆಯಲ್ಲಿ ಬರೆದದ್ದೆಷ್ಟು, ಒಣಬೇಸಾಯಕ್ಕೆ ಎಷ್ಟು, ನೀರಾವರಿಗೆ ಎಷ್ಟು, ಎಕರೆಗೆ ಎಷ್ಟು ಪರಿಹಾರ ಅನ್ನುವುದೆಲ್ಲ ಕ್ಷೇತ್ರಗಣಿತವೇ. ಕಾಗದ ಕೈಗೆ ಬಂದಾಗ ಅದನ್ನು ತಾನೇ ಪರೀಕ್ಷಿಸಬಲ್ಲ ರೈತನ ಮಾತಿಗೂ, ಬೇರೆಯವರ ಬಾಯಿ ನೋಡಬೇಕಾದ ರೈತನ ಮಾತಿಗೂ ಕಚೇರಿಯಲ್ಲಿ ಸಿಗುವ ಬೆಲೆ ಬೇರೆ.

ಮುಧೋಳ, ಜಮಖಂಡಿಯ ಕಬ್ಬಿನ ಹೋರಾಟ ನೋಡಿ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ 0.1 ಹೆಚ್ಚಾದಂತೆ 3.46 ರೂಪಾಯಿ ಸೇರುತ್ತದೆ. ಇಳುವರಿ 11.25 ಅಂತಾದರೆ ಕ್ವಿಂಟಲ್‌ಗೆ 389.60, ಅಂದರೆ ಟನ್ನಿಗೆ 3,896. ಅದೇ 10.75 ಅಂತ ತೋರಿಸಿದರೆ ಟನ್ನಿಗೆ 3,723. ಅರ್ಧ ಪರ್ಸೆಂಟಿನ ವ್ಯತ್ಯಾಸಕ್ಕೆ ಟನ್ನಿಗೆ 173 ರೂಪಾಯಿ. 50 ಟನ್ ಕಬ್ಬು ಕಳಿಸಿದವನಿಗೆ 8,650 ರೂಪಾಯಿ. ಇದು ಶುದ್ಧ ತ್ರೈರಾಶಿ. ಇಳುವರಿ, ತೂಕ, ಕಟಾವು ಮತ್ತು ಸಾಗಣೆ ಕಡಿತ ಅಂತ ರೈತರು ಬೀದಿಗಿಳಿದು ಕೇಳುವ ಪ್ರತಿ ಪ್ರಶ್ನೆಯ ಒಳಗೂ ಒಂದು ಅನುಪಾತ ಕೂತಿರುತ್ತದೆ. ಪರ್ಸೆಂಟೇಜ್ ಅರ್ಥವಾಗದ ಪ್ರಜೆಗೆ ಬಜೆಟ್ಟೂ ಅರ್ಥವಾಗುವುದಿಲ್ಲ, ಮೀಸಲಾತಿಯ ಚರ್ಚೆಯೂ ಅರ್ಥವಾಗುವುದಿಲ್ಲ, ಫೈನಾನ್ಸ್ ಸಂಘದ ಬಡ್ಡಿಯೂ ಅರ್ಥವಾಗುವುದಿಲ್ಲ.

ಬಾಚಯ್ಯನಲ್ಲೂ ಇದ್ದ ಮಿತಿ

ಹಾಗಂತ ಹಳೆಯದೆಲ್ಲ ಬಂಗಾರ ಅಂತ ನಾನು ಹೇಳುತ್ತಿಲ್ಲ. ಬಾಚಯ್ಯ ಬರೆದದ್ದು ಲೆಕ್ಕ ಬೇಕಾದ ವರ್ತಕರ, ಅಧಿಕಾರಿಗಳ, ಪಂಡಿತರ ಲೋಕದಲ್ಲಿ. ಹೊಲದಲ್ಲಿ ದುಡಿಯುವವರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಓಲೆಗರಿ ಓದುವ ಅವಕಾಶ ಆ ಸಮಾಜದಲ್ಲಿ ಎಷ್ಟು ಕಿರಿದಾಗಿತ್ತು ಅಂತ ಎಲ್ಲರಿಗೂ ಗೊತ್ತು. ಕನ್ನಡದಲ್ಲಿದೆ ಅಂದ ಮಾತ್ರಕ್ಕೆ ಎಲ್ಲರಿಗೂ ಸಿಕ್ಕಿತು ಅಂತಲ್ಲ.

ಎರಡನೆಯದು, ಆ ಇಡೀ ಪರಂಪರೆಯಲ್ಲಿ ಸೂತ್ರಕ್ಕೆ ಮೊದಲ ಮಣೆ. ಯಾಕೆ ಅನ್ನುವ ಪ್ರಶ್ನೆ ಗುರುಶಿಷ್ಯರ ಮಾತುಕತೆಯಲ್ಲಿ ನಡೆದಿರಬಹುದು, ಓಲೆಗರಿಯ ಮೇಲೆ ಅದಕ್ಕೆ ಜಾಗ ಕಡಿಮೆ. ಇದರ ಅಪಾಯ ದೊಡ್ಡವರಿಗೂ ತಪ್ಪಲಿಲ್ಲ. ಮಹಾವೀರಾಚಾರ್ಯನಂಥ ಮಹಾಬುದ್ಧಿವಂತ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಅಂತ ನಿಯಮ ಬರೆದುಬಿಟ್ಟ. ಇಂದಿನ ಮಗುವಿನ ಕೈಗೆ 12 ಹುಣಸೆ ಬೀಜ ಕೊಟ್ಟು ನೋಡಿ. ಮೂರು ಮೂರರಂತೆ ತೆಗೆದರೆ ಎಷ್ಟು ಸಲಕ್ಕೆ ಖಾಲಿ? ನಾಲ್ಕು ಸಲ. ಎರಡೆರಡರಂತೆ? ಆರು ಸಲ. ಒಂದೊಂದರಂತೆ? ಹನ್ನೆರಡು ಸಲ. ಸೊನ್ನೆ ಸೊನ್ನೆಯಂತೆ ತೆಗೆದರೆ? ಮಗು ಕೈಯಾಡಿಸುತ್ತದೆ, ರಾಶಿ ಕರಗುವುದೇ ಇಲ್ಲ. ಇದು ಮುಗಿಯುವುದೇ ಇಲ್ಲ ಅಂತ ಮಗು ಹೇಳಿದ ಕ್ಷಣ ಅದು ಒಂದು ಸತ್ಯವನ್ನು ತಾನೇ ಕಂಡಿರುತ್ತದೆ. ಬೀಜಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಬಾಚಯ್ಯನ ಉದಾಹರಣೆಗಳು ಮುಖ್ಯವಾಗುವುದು ಇಲ್ಲಿಯೇ. ಸೂತ್ರವನ್ನು ಬದುಕಿನ ಮುಂದೆ ನಿಲ್ಲಿಸಿ ಪರೀಕ್ಷಿಸಲು ಉದಾಹರಣೆ ಬೇಕು. ನಂತರದ ಪೀಳಿಗೆಗಳು ಉಳಿಸಿಕೊಂಡದ್ದು ಮಾತ್ರ ಸೂತ್ರವನ್ನು. ಗಾಂವಠಿ ಶಾಲೆಗಳಲ್ಲಿ ಕಾಲು, ಅರ್ಧ, ಮುಕ್ಕಾಲರ ಮಗ್ಗಿಯನ್ನೂ ರಾಗವಾಗಿ ಹೇಳಿಸುತ್ತಿದ್ದರು. ಉತ್ತರ ಕರ್ನಾಟಕದ ಮನೆಮನೆಯ ಅಂಕಲಿಪಿ ಆ ನೆನಪನ್ನು ಇಂದಿಗೂ ಹೊತ್ತಿದೆ. ಮಗ್ಗಿ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಮಗ್ಗಿ ಗೊತ್ತಿದ್ದೂ ಮಗ್ಗದ ಲೆಕ್ಕ ಬಾರದಿದ್ದರೆ ಏನು ಬಂತು?

ಓಲೆಗರಿಯಿಂದ ಅಚ್ಚಿಗೆ

ಬಾಚಯ್ಯ ಯಾವಾಗ, ಎಲ್ಲಿ ತೀರಿಕೊಂಡ ಅನ್ನುವುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಅವನ ಮುಂದಿನ ಬದುಕೆಲ್ಲ ಪುಸ್ತಕಗಳದ್ದು. ನಕಲುಗಾರರ ಕೈಯಿಂದ ಕೈಗೆ ದಾಟುತ್ತಾ ಓಲೆಗರಿಗಳು ಉಳಿದುಕೊಂಡವು. 1907ರಲ್ಲಿ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಬಂದ ಮೇಲೆ ಓದುವ ಲೋಕಕ್ಕೆ ಅವನ ಪರಿಚಯವಾಯಿತು. 20ನೇ ಶತಮಾನದ ನಡುವಿನಲ್ಲಿ ಎಂ. ಮರಿಯಪ್ಪ ಭಟ್ಟರ ಸಂಪಾದನೆಯಲ್ಲಿ ವ್ಯವಹಾರಗಣಿತ ಮದ್ರಾಸಿನಿಂದ ಅಚ್ಚಾಯಿತು. ಮುಧೋಳದ ರನ್ನನಿಗೆ ಉತ್ಸವವಿದೆ, ಪಾಠಪುಸ್ತಕದಲ್ಲಿ ಜಾಗವಿದೆ, ವೃತ್ತಗಳಿಗೆ ಅವನ ಹೆಸರಿದೆ, ಇರಲೇಬೇಕು. ಪಕ್ಕದ ಸೀಮೆಯ ಬಾಚಯ್ಯನಿಗೆ ಗೈಡಿನ ಒಂದು ಸಾಲು.

ಅವನಿಗೆ ಪ್ರತಿಮೆ ನಿಲ್ಲಿಸಿ ಅಂತ ಕೇಳುವುದು ಸುಲಭ. ಅವನ ಕೆಲಸ ಮುಂದುವರಿಸಿ ಅನ್ನುವುದು ಕಷ್ಟ.

ಮಾಧ್ಯಮದ ಜಗಳ, ಕಲಿಕೆಯ ಮೌನ

ಕರ್ನಾಟಕದಲ್ಲಿ ಪ್ರಾಥಮಿಕ ಶಿಕ್ಷಣದ ರಾಜಕೀಯವೆಂದರೆ ಮಾಧ್ಯಮದ ರಾಜಕೀಯ. 1994ರ ಭಾಷಾ ನೀತಿ, ಅದರ ಮೇಲೆ ದಶಕಗಳ ಕಾನೂನು ಹೋರಾಟ, 2014ರ ಮೇ 6ರಂದು ಮಾತೃಭಾಷೆಯನ್ನು ಕಡ್ಡಾಯ ಮಾಡುವಂತಿಲ್ಲ ಎಂದ ಸುಪ್ರೀಂ ಕೋರ್ಟ್ ತೀರ್ಪು, 2019ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಒಂದು ಸಾವಿರ ಇಂಗ್ಲಿಷ್ ಮಾಧ್ಯಮ ವಿಭಾಗಗಳು. ಒಂದು ಕಡೆ ಕನ್ನಡ ಉಳಿಸಿ ಅನ್ನುವವರು, ಇನ್ನೊಂದು ಕಡೆ ಬಡವರ ಮಕ್ಕಳಿಗೂ ಇಂಗ್ಲಿಷ್ ಬೇಕು ಅನ್ನುವವರು. ಎರಡೂ ಕಡೆಯ ವಾದದಲ್ಲಿ ನ್ಯಾಯವಿದೆ. ಆದರೆ ಇಬ್ಬರೂ ಮಾತಾಡದ ವಿಷಯ ಒಂದಿದೆ. ಯಾವ ಭಾಷೆಯಲ್ಲೇ ಆಗಲಿ, ಮಗು ಯೋಚಿಸುತ್ತಿದೆಯೋ ಇಲ್ಲವೋ?

ಕನ್ನಡದಲ್ಲಿ ಬಾಯಿಪಾಠ ಮಾಡಿದ ಸೂತ್ರವೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಸೂತ್ರವೂ ಒಣಗುವ ಸೀರೆಯ ಮುಂದೆ ಒಂದೇ ರೀತಿ ಸೋಲುತ್ತವೆ. ಹಾಗಿದ್ದರೂ ನನ್ನ ವಾಲುವಿಕೆ ಮನೆಮಾತಿನ ಕಡೆಗೇ. ಕಾರಣ ಭಾವನೆಯದಲ್ಲ. ಯಾಕೆ, ಹಂಗಾದ್ರ, ಇಲ್ಲಾಂದ್ರ ಅಂತ ತರ್ಕ ಮಾಡಲು ಮಗುವಿನ ಕೈಯಲ್ಲಿ ಪದಗಳು ಬೇಕು. ಏಳು ವರ್ಷದ ಮಗುವಿನ ಹತ್ತಿರ ಆ ಪದಗಳು ಇರುವುದು ಅದರ ಅವ್ವನ ಮಾತಿನಲ್ಲಿ. ಜಮಖಂಡಿಯ ಮಗು ಜಮಖಂಡಿಯ ಕನ್ನಡದಲ್ಲಿ, ಮನೆಯಲ್ಲಿ ಉರ್ದು, ಲಂಬಾಣಿ ಇಲ್ಲವೇ ಮರಾಠಿ ಆಡುವ ಮಗು ಅದೇ ಮಾತಿನಲ್ಲಿ ವಾದ ಮಾಡಲು ಬಿಟ್ಟರೆ ಗಣಿತ ಬರುತ್ತದೆ, ಇಂಗ್ಲಿಷನ್ನು ಭಾಷೆಯಾಗಿ ಗಟ್ಟಿಯಾಗಿ ಕಲಿಸಲು ಅದು ಅಡ್ಡಿಯಾಗುವುದಿಲ್ಲ.

ದಾರಿ ಹೊಸದಾಗಿ ಹುಡುಕಬೇಕಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ, ಚಟುವಟಿಕೆಯ ಮೂಲಕ ಕಲಿಯಬಹುದು ಅಂತ ಸರ್ಕಾರಿ ಶಾಲೆಯ ಶಿಕ್ಷಕರೇ ಕಟ್ಟಿ ತೋರಿಸಿದ ಮಾದರಿ. ಆಮೇಲೆ ಅಕ್ಷರ ಫೌಂಡೇಶನ್ ಜೊತೆಗೂಡಿ ರಾಜ್ಯ ಸರ್ಕಾರ ತಂದ ಗಣಿತ ಕಲಿಕಾ ಆಂದೋಲನ 4 ಮತ್ತು 5ನೇ ತರಗತಿಗೆ ಮಣಿಗಟ್ಟು, ಸ್ಥಾನಬೆಲೆಯ ಪಟ್ಟಿ, ಭಿನ್ನರಾಶಿಯ ತುಂಡುಗಳು, ತಕ್ಕಡಿ, ಗಡಿಯಾರ, ಘನಾಕೃತಿಗಳಿರುವ ಕಿಟ್ ಕೊಟ್ಟಿತು. ಮೊದಲು ಕೈಯಲ್ಲಿ ಹಿಡಿ, ಆಮೇಲೆ ಚಿತ್ರ ಬರೆ, ಕೊನೆಗೆ ಅಂಕಿಯಲ್ಲಿ ಬರೆ ಅನ್ನುವುದು ಅದರ ಕ್ರಮ. ಸೂತ್ರ ಮೊದಲು ಅನ್ನುವ ಹಳೆಯ ಕ್ರಮವನ್ನು ತಲೆಕೆಳಗು ಮಾಡಿದ ಕ್ರಮ ಇದು, ಮತ್ತು ಸರಿಯಾದ ಕ್ರಮ.

ಆದರೆ ಕಿಟ್ ತಾನಾಗಿ ಪಾಠ ಮಾಡುವುದಿಲ್ಲ. ಕಳೆದುಹೋದರೆ ಯಾರು ಲೆಕ್ಕ ಕೊಡುವುದು ಅಂತ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಅದು ಸ್ಟಾಕ್ ರಿಜಿಸ್ಟರಿನ ಇನ್ನೊಂದು ಸಾಲು. ಎರಡು ಮೂರು ತರಗತಿಯನ್ನು ಒಬ್ಬರೇ ಸಂಭಾಳಿಸುವ, ನಡುವೆ ಚುನಾವಣೆ ಪಟ್ಟಿಗೂ ಗಣತಿಗೂ ಓಡುವ ಶಿಕ್ಷಕರಿಗೆ ಮಕ್ಕಳ ವಾದ ಕೇಳುವ ಸಮಯ ಎಲ್ಲಿಂದ ಬರಬೇಕು? ತಪ್ಪು ಉತ್ತರ ಕೊಟ್ಟ ಮಗುವಿಗೆ ಹೇಗೆ ಬಂತು ಹೇಳು ಅಂತ ಕೇಳುವುದಕ್ಕೆ ಐದು ನಿಮಿಷ ಬೇಕು. ಆ ಐದು ನಿಮಿಷವನ್ನು ಶಿಕ್ಷಕರಿಗೆ ಕೊಡಿಸುವುದು ಸಂಪೂರ್ಣ ರಾಜಕೀಯದ ಕೆಲಸ. ಖಾಲಿ ಹುದ್ದೆ ತುಂಬುವುದು, ಬೋಧನೆಯಲ್ಲದ ಕೆಲಸದಿಂದ ಬಿಡುಗಡೆ ಮಾಡುವುದು, ಪರೀಕ್ಷೆಯ ಪ್ರಶ್ನೆಯನ್ನೇ ಬದಲಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡ್ ಗೋಡೆ, ಬಿಸಿಯೂಟದ ಜೊತೆಗೆ ಕಿಟ್ ಬೀರುವಿನಿಂದ ಹೊರಬಂದಿದೆಯಾ ಅಂತಲೂ ಕೇಳಬೇಕು. ನೀವು ಕಬ್ಬಿನ ಬಾಕಿಗಾಗಿ, ಪರಿಹಾರಕ್ಕಾಗಿ, ನೇಕಾರರ ಕೂಲಿಗಾಗಿ ಬೀದಿಗಿಳಿಯುವವರಾದರೆ ಈ ಪ್ರಶ್ನೆ ನಿಮ್ಮದೂ ಹೌದು. ಮುಂದಿನ ಹೋರಾಟದಲ್ಲಿ ಕಾರ್ಖಾನೆಯ ಚೀಟಿ ಓದಬೇಕಾದವರು ಈಗ ನಾಲ್ಕನೇ ಕ್ಲಾಸಿನಲ್ಲಿ ಕೂತಿದ್ದಾರೆ.

ಸಂಸ್ಕೃತದ ಬೀಗ ತೆಗೆದು ಗಣಿತವನ್ನು ಕನ್ನಡಕ್ಕೆ ತರುವುದು ಹನ್ನೆರಡನೇ ಶತಮಾನದ ಕೆಲಸವಾಗಿತ್ತು, ಹೂವಿನಬಾಗೆಯ ಬಾಚಯ್ಯ ಅದನ್ನು ಮಾಡಿದ. ಆ ಗಣಿತವನ್ನು ಬೀರುವಿನಿಂದಲೂ ಗೈಡಿನಿಂದಲೂ ಹೊರತೆಗೆದು ನೇಕಾರರ, ಕೂಲಿಯವರ, ಕಬ್ಬು ಕಡಿಯುವವರ ಮಕ್ಕಳ ಕೈಗೆ ಕೊಡುವ ಕೆಲಸ ಬಾಕಿ ಇದೆ. ಅವನ ಭಾಷೆಯಲ್ಲೇ ಹೇಳುವುದಾದರೆ ಅದು ಹಸುಗೆಯ ಲೆಕ್ಕ: ಯಾರ ಪಾಲು ಯಾರಿಗೆ ಸೇರಬೇಕು ಎಂಬ ಲೆಕ್ಕ.